ಹಗುರ ರಿವಾಲ್ವರ್, ಬೇರೆ ಬೇರೆ ತೋಟಾ: ಅರ್ಧ ಕೆಜಿಯ ಲೆಕ್ಕ

ಈ ಲೇಖನ ಹುಟ್ಟಿದ್ದು ಕೋಣನಕುಂಟೆ ಕ್ರಾಸ್ ಮೆಟ್ರೋ ಸ್ಟೇಷನ್ ಹತ್ತಿರದ ಒಂದು ಟೀ ಅಂಗಡಿಯಲ್ಲಿ. ಲ್ಯಾಬ್ ಮುಗಿಸಿ ಬಂದಿದ್ದ ನಾವು ಐದು ಜನ. ನಮ್ಮಲ್ಲೊಬ್ಬಳು ಸ್ಟೇಷನ್ನಿಂದ ಪಿಜಿಗೆ ರಾತ್ರಿ ಒಬ್ಬಳೇ ನಡೆದು ಹೋಗಬೇಕು. ಊರಿಂದ ಅವಳ ಮಾವ ಫೋನ್ ಮಾಡಿ, "ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೆ ಲೈಸೆನ್ಸ್ ಮಾಡಿಸಿ ಒಂದು ರಿವಾಲ್ವರ್ ತಗೋ. ಹೆಣ್ಣುಮಕ್ಕಳಿಗೆ ಅಂತಲೇ ಮಾಡಿದ್ದಾರಂತೆ, ಬರೀ ಅರ್ಧ ಕೆಜಿ" ಅಂದಿದ್ದರಂತೆ. ಅವಳು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಹಗುರ ಅಂದ್ರೆ ಸುಲಭ ಅಂತ ಅರ್ಥನಾ?"

ಕೊಡಗಿನಿಂದ ಬಂದಿರುವ ಗೆಳೆಯ ನಕ್ಕುಬಿಟ್ಟ. "ಹಗುರ ಕೋವಿ ಜಾಸ್ತಿ ಒದೆಯುತ್ತೆ ಕಣೇ. ನಮ್ಮನೇಲಿ ಚಿಕ್ಕ ಮಕ್ಕಳಿಗೂ ಗೊತ್ತು" ಅಂದ. ಎಷ್ಟು ಜಾಸ್ತಿ? ಅದು ಅವನಿಗೂ ಗೊತ್ತಿರಲಿಲ್ಲ. ಟಿಶ್ಯೂ ಪೇಪರ್ ಮೇಲೆ ಶುರುವಾದ ಲೆಕ್ಕ ಹಾಸ್ಟೆಲ್ಲಿಗೂ ಬಂತು. ಒಂದೇ ರಿವಾಲ್ವರ್‌ಗೆ ಬೇರೆ ಬೇರೆ ತೋಟಾ ಹಾಕಿದರೆ ಏನೇನು ಬದಲಾಗುತ್ತೆ ಅಂತ ಹುಡುಕುತ್ತಾ ಹೋದ ಹಾಗೆ ಮೊದಲ ವರ್ಷದ ಫಿಸಿಕ್ಸ್, ಮೆಟೀರಿಯಲ್ ಸೈನ್ಸ್, ಸ್ಟಾಟಿಸ್ಟಿಕ್ಸ್ ಎಲ್ಲವೂ ಒಂದೊಂದಾಗಿ ಎದುರಿಗೆ ಬಂದವು. ಮೊದಲೇ ಹೇಳಿಬಿಡುತ್ತೇವೆ, ನಾವ್ಯಾರೂ ರಿವಾಲ್ವರ್ ಹಾರಿಸಿದವರಲ್ಲ. ಎನ್‌ಸಿಸಿಯಲ್ಲಿ .22 ರೈಫಲ್ ಹಾರಿಸಿದವರು ಇಬ್ಬರಿದ್ದೇವೆ, ಅಷ್ಟೇ. ಉಳಿದದ್ದೆಲ್ಲ ಲೆಕ್ಕ ಮತ್ತು ಓದು.

ನಿರ್ಭೀಕ್, ನಿಡರ್, ಪ್ರಬಲ್

ಮಾವ ಹೇಳಿದ ರಿವಾಲ್ವರ್ ನಿಜಕ್ಕೂ ಇದೆ. 2012ರ ಡಿಸೆಂಬರ್‌ನ ದೆಹಲಿ ಪ್ರಕರಣದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆ 'ನಿರ್ಭೀಕ್' ಎಂಬ .32 ರಿವಾಲ್ವರ್ ಅನ್ನು ಹೊರತಂದಿತು. ಹೆಸರು 'ನಿರ್ಭಯಾ' ಎಂಬುದರ ನೆನಪಿಗೆ. ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ, ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಒಡವೆ ಪೆಟ್ಟಿಗೆಯಂಥ ಮರೂನ್ ಬಣ್ಣದ ಡಬ್ಬಿಯಲ್ಲಿಟ್ಟು ಕೊಡುತ್ತಿದ್ದರು. ಅದಕ್ಕೂ ಮೊದಲು ಅಲ್ಲಿ ತಯಾರಾಗುತ್ತಿದ್ದ ಉಕ್ಕಿನ .32 ರಿವಾಲ್ವರ್ 700 ಗ್ರಾಂ ಆಸುಪಾಸು ತೂಗುತ್ತಿತ್ತು.

ಆಮೇಲೆ ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಿಂದ 'ನಿಡರ್' ಬಂತು. ಅಲ್ಯೂಮಿನಿಯಂ ಮಿಶ್ರಲೋಹ, .22 ಕ್ಯಾಲಿಬರ್, ತೂಕ ಬರೀ 250 ಗ್ರಾಂ. ಬೆಲೆಯೂ ನಿರ್ಭೀಕ್‌ಗಿಂತ ಎಷ್ಟೋ ಕಡಿಮೆ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಕಾರ್ಖಾನೆಗಳೆಲ್ಲ ಏಳು ಕಂಪನಿಗಳಾಗಿ ಹಂಚಿಹೋದವು. ಅವುಗಳಲ್ಲಿ ಕಾನ್ಪುರದ ಕಂಪನಿ 2023ರ ಆಗಸ್ಟ್‌ನಲ್ಲಿ 'ಪ್ರಬಲ್' ಎಂಬ ಹೊಸ .32 ರಿವಾಲ್ವರ್ ಬಿಡುಗಡೆ ಮಾಡಿತು. ಇದರ ನಳಿಗೆ ಉದ್ದ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತೆ. ತೂಕ ಎಷ್ಟು ಗೊತ್ತಾ? 700 ಗ್ರಾಂ. ಅರ್ಧ ಕೆಜಿಗೆ ಇಳಿದಿದ್ದ ತೂಕ ಮತ್ತೆ ಹಳೇ ಜಾಗಕ್ಕೇ ಬಂದು ನಿಂತಿದೆ. ಈ 200 ಗ್ರಾಂ ಏನು ಕೆಲಸ ಮಾಡುತ್ತೆ ಅನ್ನೋದೇ ನಮ್ಮ ಕಥೆ.

ತೋಟಾದೊಳಗೆ ಏನಿದೆ?

ಮಾತಲ್ಲಿ ನಾವು ಎಲ್ಲಕ್ಕೂ 'ಗುಂಡು' ಅಂತೀವಿ. ಲೆಕ್ಕಕ್ಕೆ ಕೂತಾಗ ಬೇರೆ ಮಾಡಿಕೊಳ್ಳಬೇಕು. ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಸಿಕ್ಕಿಸಿದ ಸೀಸದ ಗುಂಡು. ಇವೆಲ್ಲ ಸೇರಿದ್ದು ತೋಟಾ. ಹಾರಿಹೋಗುವುದು ಗುಂಡು ಮಾತ್ರ. ಖಾಲಿ ಕೊಳವೆ ಸಿಲಿಂಡರ್‌ನಲ್ಲೇ ಉಳಿಯುತ್ತೆ. ಗುಂಡು ಅಲುಗದಿರಲಿ ಅಂತ ಕೊಳವೆಯ ಬಾಯನ್ನು ಸುತ್ತಲೂ ಒತ್ತಿ ಬಿಗಿ ಮಾಡಿರುತ್ತಾರೆ. ಇದಕ್ಕೆ ಕ್ರಿಂಪ್ ಅಂತ ಹೆಸರು. ಈ ಕ್ರಿಂಪನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದೇ ಕೈಕೊಡುತ್ತೆ.

ಗುಂಡಿನ ತೂಕ ಹೇಳುವ ಅಳತೆ 'ಗ್ರೇನ್', ಅಂದರೆ ಹಳೇ ಕಾಲದ ಧಾನ್ಯದ ಕಾಳು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದರ ಹೆಚ್ಚುಕಡಿಮೆ ಎರಡರಷ್ಟು. .32 ರಿವಾಲ್ವರ್‌ನ ಸಾಮಾನ್ಯ ಗುಂಡು 98 ಗ್ರೇನ್, ಅಂದರೆ 6.35 ಗ್ರಾಂ. .22ರ ಗುಂಡು 40 ಗ್ರೇನ್, 2.6 ಗ್ರಾಂ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ .38 ಸ್ಪೆಷಲ್‌ನಲ್ಲಿ 158 ಗ್ರೇನ್, 10 ಗ್ರಾಂ ದಾಟುತ್ತೆ.

ಒದೆತದ ಲೆಕ್ಕ

ಗುಂಡು ಮುಂದಕ್ಕೆ ಹೋದರೆ ರಿವಾಲ್ವರ್ ಹಿಂದಕ್ಕೆ ಬರಲೇಬೇಕು. ಎರಡರ ಸಂವೇಗವೂ ಸಮ. ಇದು ನ್ಯೂಟನ್ನನ ಮೂರನೇ ನಿಯಮ ಅಂತ ಹೈಸ್ಕೂಲಿನಲ್ಲೇ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಈಗ ಅಂಕಿ ಹಾಕೋಣ.

ಚಿಕ್ಕ ನಳಿಗೆಯಿಂದ .32 ಗುಂಡು ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹೊರಡುತ್ತೆ ಅಂದುಕೊಳ್ಳೋಣ. ಸಂವೇಗ 0.00635 × 200 = 1.27 ಕೆಜಿ·ಮೀ/ಸೆ. ಮದ್ದು ಉರಿದ ಅನಿಲವೂ ತನ್ನ ಪಾಲನ್ನು ಸೇರಿಸುತ್ತೆ. ಸದ್ಯಕ್ಕೆ ಅದನ್ನು ಬಿಡೋಣ, ನಿಜವಾದ ಒದೆತ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತೆ ಅಂತ ನೆನಪಿದ್ದರೆ ಸಾಕು.

700 ಗ್ರಾಂ ರಿವಾಲ್ವರ್: ಹಿಂದಕ್ಕೆ ಬರುವ ವೇಗ 1.8 ಮೀ/ಸೆ, ಶಕ್ತಿ 1.15 ಜೌಲ್.
500 ಗ್ರಾಂ ರಿವಾಲ್ವರ್: ವೇಗ 2.5 ಮೀ/ಸೆ, ಶಕ್ತಿ 1.6 ಜೌಲ್.

ತೋಟಾ ಅದೇ, ಗುಂಡು ಅದೇ. ತೂಕ 200 ಗ್ರಾಂ ಇಳಿಸಿದ್ದಕ್ಕೆ ಕೈಗೆ ಬರುವ ಶಕ್ತಿ ಶೇ. 40ರಷ್ಟು ಏರಿತು. 1.6 ಜೌಲ್ ಅಂದರೆ ಒಂದು ಕೆಜಿ ಬೆಲ್ಲದ ಅಚ್ಚನ್ನು 16 ಸೆಂಟಿಮೀಟರ್ ಮೇಲಿನಿಂದ ಅಂಗೈಗೆ ಬಿಟ್ಟ ಹಾಗೆ. ತಡೆಯೋಕೆ ಆಗದ್ದೇನಲ್ಲ. ಆದರೆ ಬೆಲ್ಲದ ಅಚ್ಚು ಅಂಗೈಯೆಲ್ಲ ಹರಡಿ ಬೀಳುತ್ತೆ. ಚಿಕ್ಕ ಹಿಡಿಕೆ ಹೆಬ್ಬೆರಳು ತೋರುಬೆರಳಿನ ನಡುವಿನ ಒಂದೇ ಜಾಗಕ್ಕೆ ಕುಕ್ಕುತ್ತೆ.

ಈಗ 250 ಗ್ರಾಂ ತೂಕದ .22. ಲಾಂಗ್ ರೈಫಲ್ ತೋಟಾ, ಗಿಡ್ಡ ನಳಿಗೆ, ವೇಗ 250 ಮೀ/ಸೆ ಅಂತ ಇಟ್ಟುಕೊಳ್ಳಿ. ರಿವಾಲ್ವರ್ ಹಿಂದಕ್ಕೆ ಬರುವ ವೇಗ 2.6 ಮೀ/ಸೆ! ಗುಂಡು ಅರ್ಧಕ್ಕಿಂತ ಹಗುರ, ಆದರೂ ವೇಗ 500 ಗ್ರಾಂನ .32ರಷ್ಟೇ. ಶಕ್ತಿ ಮಾತ್ರ ಅರ್ಧ, 0.85 ಜೌಲ್. ಎನ್‌ಸಿಸಿಯಲ್ಲಿ ನಾವು ಹಾರಿಸಿದ .22 ರೈಫಲ್ ಮೂರು ಕೆಜಿ ಹತ್ತಿರ ಇರುತ್ತೆ. ಅದರಲ್ಲಿ ಇದೇ ತೋಟಾಗೆ ಹಿಂದಕ್ಕೆ ಬರುವ ವೇಗ 0.3 ಮೀ/ಸೆ ಮಾತ್ರ. ಭುಜಕ್ಕೆ ಯಾರೋ ಮೆಲ್ಲಗೆ ತಟ್ಟಿದ ಹಾಗೆ. ಅಲ್ಲಿ ".22ಗೆ ಒದೆತಾನೇ ಇಲ್ಲ" ಅಂದುಕೊಂಡಿದ್ದ ನಮಗೆ, ಒದೆತ ತೋಟಾ ಒಂದರ ಗುಣ ಅಲ್ಲ, ತೋಟಾ ಮತ್ತು ತೂಕ ಎರಡರ ಗುಣ ಅಂತ ಈಗ ಗೊತ್ತಾಯಿತು.

ಇನ್ನೊಂದು ತುದಿಯನ್ನೂ ನೋಡಿ. ಸ್ಮಿತ್ ಅಂಡ್ ವೆಸನ್ ಕಂಪನಿ ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ದೇಹ ಮತ್ತು ಟೈಟಾನಿಯಂ ಸಿಲಿಂಡರ್ ಇಟ್ಟು 340 ಗ್ರಾಂ ಆಸುಪಾಸಿನ .357 ಮ್ಯಾಗ್ನಂ ರಿವಾಲ್ವರ್ ಮಾಡಿದೆ. 125 ಗ್ರೇನ್ ಗುಂಡು ಗಿಡ್ಡ ನಳಿಗೆಯಿಂದ 380 ಮೀ/ಸೆ ವೇಗದಲ್ಲಿ ಹೋದರೆ, ರಿವಾಲ್ವರ್ 9 ಮೀ/ಸೆ ವೇಗದಲ್ಲಿ ಹಿಂದಕ್ಕೆ ಬರುತ್ತೆ. ಶಕ್ತಿ 14 ಜೌಲ್. ಅದೇ ಬೆಲ್ಲದ ಅಚ್ಚು ಈಗ 1.4 ಮೀಟರ್ ಮೇಲಿನಿಂದ, ಅಂದರೆ ಎದೆಯೆತ್ತರದಿಂದ ಬೀಳುತ್ತಿದೆ. ಅದೇ ರಿವಾಲ್ವರ್‌ಗೆ .38 ಸ್ಪೆಷಲ್ ತೋಟಾವನ್ನೂ ಹಾಕಬಹುದು. ಆಗ ಒದೆತ ಎಷ್ಟೋ ಇಳಿಯುತ್ತೆ. ಅದಕ್ಕೇ ಇಂಥದ್ದನ್ನು ಕೊಂಡವರು ಒಂದಾದ ಮೇಲೊಂದು ತೋಟಾ ಹಾಕಿ, ತಮ್ಮ ಕೈ ತಡೆಯುವುದು ಯಾವುದನ್ನು ಅಂತ ಹುಡುಕುತ್ತಾ ಕೂರುವುದು.

ಕೊಡಗಿನ ಗೆಳೆಯನ ಮನೆಯ ಹನ್ನೆರಡು ಬೋರ್ ಕೋವಿಯ ಶಕ್ತಿ ಹೀಗೇ ಲೆಕ್ಕ ಹಾಕಿದರೆ 20 ಜೌಲ್ ದಾಟುತ್ತೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವಾಗ ಹಿರಿಯರು ಹೇಳಿಕೊಡುವ ಮೊದಲ ಪಾಠ, "ಕೋವಿಯನ್ನು ಭುಜಕ್ಕೆ ಬಿಗಿಯಾಗಿ ಒತ್ತಿಕೋ." ಒತ್ತಿ ಹಿಡಿದರೆ ಕೋವಿಯ ಜೊತೆ ಮೈಯ ತೂಕವೂ ಸೇರುತ್ತೆ, ಒದೆತ ತಳ್ಳಾಟವಾಗುತ್ತೆ. ಸಡಿಲ ಬಿಟ್ಟರೆ ಭುಜ ನೀಲಿಗಟ್ಟುತ್ತೆ. ರಿವಾಲ್ವರ್‌ಗೆ ಭುಜವೇ ಇಲ್ಲ. ಇರುವುದು ಮಣಿಕಟ್ಟು ಮಾತ್ರ.

ಭಾರದ ಗುಂಡು ಮೇಲೆ ಬೀಳುತ್ತೆ!

ನಮ್ಮನ್ನು ಜಾಸ್ತಿ ತಲೆಕೆರೆಯುವಂತೆ ಮಾಡಿದ್ದು ಇದು. ಹತ್ತು ಮೀಟರ್ ದೂರದ ಕಾಗದಕ್ಕೆ, ಅದೇ ರಿವಾಲ್ವರ್‌ನಿಂದ, ಅದೇ ಗುರಿ ಹಿಡಿದು ಒಮ್ಮೆ ಹಗುರ ವೇಗದ ಗುಂಡು, ಒಮ್ಮೆ ಭಾರದ ನಿಧಾನದ ಗುಂಡು ಹಾರಿಸಿದರೆ ಯಾವುದು ಕೆಳಗೆ ಬೀಳುತ್ತೆ? ನಾವೆಲ್ಲ 'ಭಾರದ್ದು' ಅಂದೆವು. ನಿಜವಾಗಿ ಸಾಮಾನ್ಯವಾಗಿ ಭಾರದ್ದೇ ಮೇಲೆ ಬೀಳುತ್ತೆ.

ಕಾರಣ ನಳಿಗೆ ಕೈಗಿಂತ ಮೇಲಿರುವುದು. ಒದೆತದ ಬಲ ನಳಿಗೆಯ ಸಾಲಲ್ಲಿ ಬರುತ್ತೆ, ತಡೆಯುವ ಕೈ ಅದಕ್ಕಿಂತ ಕೆಳಗಿದೆ. ಹಾಗಾಗಿ ಟಾರ್ಕ್ ಹುಟ್ಟಿ ಮೂತಿ ಮೇಲಕ್ಕೇಳುತ್ತೆ. ಗುಂಡು ಹೊರಗೆ ಹೋದ ಮೇಲೆ ಅಲ್ವಾ ಎದ್ದೇಳೋದು ಅಂತ ಕೇಳಬಹುದು. ಅಲ್ಲ. ಗುಂಡು ನಳಿಗೆಯೊಳಗೆ ಇರುವುದು ಅರ್ಧದಿಂದ ಒಂದು ಮಿಲಿಸೆಕೆಂಡ್. ಅಷ್ಟರಲ್ಲೇ 500 ಗ್ರಾಂ ರಿವಾಲ್ವರ್ ಸುಮಾರು 1 ಮಿಲಿಮೀಟರ್ ಹಿಂದಕ್ಕೆ ಬಂದಿರುತ್ತೆ, ಸ್ವಲ್ಪ ತಿರುಗಿಯೂ ಇರುತ್ತೆ. ಭಾರದ ಗುಂಡು ನಿಧಾನ, ಒಳಗೆ ಜಾಸ್ತಿ ಹೊತ್ತು ಇರುತ್ತೆ, ಜಾಸ್ತಿ ಸಂವೇಗವನ್ನೂ ಕೊಡುತ್ತೆ. ಮೂತಿ ಇನ್ನಷ್ಟು ಎದ್ದ ಮೇಲೆ ಹೊರಬೀಳುತ್ತೆ.

ಗುರುತ್ವಾಕರ್ಷಣೆ ಏನು ಮಾಡುತ್ತೆ? 200 ಮೀ/ಸೆ ಗುಂಡು ಹತ್ತು ಮೀಟರ್‌ಗೆ 1.2 ಸೆಂ.ಮೀ. ಇಳಿಯುತ್ತೆ, 250 ಮೀ/ಸೆ ಗುಂಡು 0.8 ಸೆಂ.ಮೀ. ವ್ಯತ್ಯಾಸ 4 ಮಿಲಿಮೀಟರ್. ಆದರೆ ಮೂತಿಯ ಕೋನದಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ವ್ಯತ್ಯಾಸವಾದರೂ ಹತ್ತು ಮೀಟರ್‌ನಲ್ಲಿ 17 ಮಿಲಿಮೀಟರ್. ಮೂತಿಯ ಕೋನದ ಮುಂದೆ ಗುರುತ್ವಾಕರ್ಷಣೆ ಇಲ್ಲಿ ಸೋತುಹೋಗುತ್ತೆ. ಹಗುರ ರಿವಾಲ್ವರ್‌ನ ಮೊಮೆಂಟ್ ಆಫ್ ಇನರ್ಷಿಯಾ ಕಡಿಮೆ, ಬೇಗ ತಿರುಗುತ್ತೆ. ಹಾಗಾಗಿ ತೋಟಾ ಬದಲಿಸಿದಾಗ ಗುರಿ ಬದಲಾಗುವುದೂ ಅದರಲ್ಲೇ ಜಾಸ್ತಿ. ಚಿಕ್ಕ ರಿವಾಲ್ವರ್‌ಗಳಲ್ಲಿ ಗುರಿಕಣ್ಣು ಸಾಮಾನ್ಯವಾಗಿ ಸ್ಥಿರ, ತಿರುಗಿಸಿ ಸರಿಮಾಡೋಕೆ ತಿರುಪೇ ಇರಲ್ಲ. ಯಾವುದೋ ಒಂದು ತೂಕದ ಗುಂಡಿಗೆ ಅಂತ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಗುಂಡು ಬದಲಾದರೆ ಕಣ್ಣು ಒಂದು ಕಡೆ, ಪೆಟ್ಟು ಒಂದು ಕಡೆ.

ಬಿಎಂಟಿಸಿ ಬ್ರೇಕು ಮತ್ತು ಕೊನೇ ತೋಟಾ

ಕನಕಪುರ ರಸ್ತೆಯ ಬಸ್ಸಲ್ಲಿ ನಿಂತು ಬರುವಾಗ ಡ್ರೈವರ್ ಕೋಣನಕುಂಟೆ ಕ್ರಾಸ್ ಸಿಗ್ನಲ್‌ನಲ್ಲಿ ಗಕ್ಕನೆ ಬ್ರೇಕ್ ಹಾಕಿದರೆ ಏನಾಗುತ್ತೆ? ಬಸ್ಸು ನಿಲ್ಲುತ್ತೆ, ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಮೇಲಿನ ಕಂಬಿ ಹಿಡಿದವರು ಉಳಿದರು, ಫೋನ್ ನೋಡುತ್ತಿದ್ದವರು ಮುಂದಿನವರ ಮೇಲೆ ಬಿದ್ದರು.

ರಿವಾಲ್ವರ್‌ನ ಸಿಲಿಂಡರ್‌ನಲ್ಲಿ ಕಾದು ಕೂತ ತೋಟಾಗಳ ಪಾಡೂ ಇದೇ. ಒಂದು ತೋಟಾ ಹಾರಿದಾಗ ರಿವಾಲ್ವರ್ ಸರ್ರನೆ ಹಿಂದಕ್ಕೆ ಬರುತ್ತೆ. ಉಳಿದ ತೋಟಾಗಳ ಕೊಳವೆಯೂ ಜೊತೆಗೇ ಹಿಂದಕ್ಕೆ ಬರುತ್ತೆ. ಆದರೆ ಒಳಗೆ ಸಿಕ್ಕಿಸಿದ ಗುಂಡು ಜಡತ್ವದಿಂದ ಇದ್ದಲ್ಲೇ ಇರೋಕೆ ನೋಡುತ್ತೆ. ಅದನ್ನು ಹಿಡಿದಿರುವ ಕಂಬಿ ಯಾವುದು? ಆಗ ಹೇಳಿದ ಕ್ರಿಂಪ್. ಹಿಡಿತ ಸಾಲದಿದ್ದರೆ ಗುಂಡು ಕೊಳವೆಯಿಂದ ಒಂದು ಕೂದಲೆಳೆಯಷ್ಟು ಮುಂದಕ್ಕೆ ಜಾರುತ್ತೆ. ಎರಡನೇ ಹೊಡೆತಕ್ಕೆ ಇನ್ನೊಂದಿಷ್ಟು. ಕೊನೇ ತೋಟಾ ಹಿಂದಿನ ಎಲ್ಲ ಒದೆತಗಳನ್ನೂ ತಿಂದಿರುತ್ತೆ. ಗುಂಡಿನ ಮೂತಿ ಸಿಲಿಂಡರ್‌ನಿಂದ ಆಚೆ ಬಂದು ನಳಿಗೆಯ ಅಂಚಿಗೆ ತಗುಲಿದರೆ ಸಿಲಿಂಡರ್ ತಿರುಗುವುದೇ ನಿಂತುಹೋಗುತ್ತೆ. ರಿವಾಲ್ವರ್ ಸಿಕ್ಕಿಹಾಕಿಕೊಂಡಿತು, ಅದೂ ಬೇಕಾದ ಹೊತ್ತಲ್ಲಿ.

ಬಲ ಎಷ್ಟು? ಮೆಟ್ರೋ ರೈಲು ಹೊರಡುವಾಗಿನ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 1 ಮೀಟರ್ ಆಸುಪಾಸು. ಅದಕ್ಕೇ ನಾವು ಕಂಬ ಹಿಡಿಯುತ್ತೇವೆ. 500 ಗ್ರಾಂನ .32 ರಿವಾಲ್ವರ್ 0.6 ಮಿಲಿಸೆಕೆಂಡಿನಲ್ಲಿ 2.5 ಮೀ/ಸೆ ವೇಗಕ್ಕೆ ಬಂದರೆ ವೇಗೋತ್ಕರ್ಷ 4,000ಕ್ಕೂ ಜಾಸ್ತಿ. 6.35 ಗ್ರಾಂ ಗುಂಡಿನ ಮೇಲಿನ ಎಳೆತ ಸರಾಸರಿ 27 ನ್ಯೂಟನ್, ಅಂದರೆ ಮುಕ್ಕಾಲುಪಾಲು ಮೂರು ಕೆಜಿ ತೂಕ ನೇತುಹಾಕಿದ ಹಾಗೆ. 340 ಗ್ರಾಂ ಮ್ಯಾಗ್ನಂನಲ್ಲಿ ಅರ್ಧ ಮಿಲಿಸೆಕೆಂಡಿಗೆ 9 ಮೀ/ಸೆ. ಎಳೆತ 145 ನ್ಯೂಟನ್, ಹದಿನೈದು ಕೆಜಿ! ಗುಂಡು ಭಾರವಾದಷ್ಟೂ ಒದೆತವೂ ಜಾಸ್ತಿ, ಜಾರಲು ಎಳೆಯುವ ಬಲವೂ ಜಾಸ್ತಿ. ಎರಡೂ ಕಡೆಯಿಂದ ಏಟು.

ಇದನ್ನು ಪತ್ತೆ ಮಾಡುವ ಕ್ರಮ ನಮ್ಮ ವರ್ಕ್‌ಶಾಪಿನ ಮೊದಲ ಲ್ಯಾಬಿನಷ್ಟು ಸರಳ. ಹೊಸ ಬಗೆಯ ತೋಟಾ ತಂದಾಗ ಒಂದನ್ನು ಗುರುತು ಮಾಡಿ ವರ್ನಿಯರ್ ಕ್ಯಾಲಿಪರ್‌ನಲ್ಲಿ ಉದ್ದ ಅಳೆಯುತ್ತಾರೆ. ಅದನ್ನು ಬಿಟ್ಟು ಉಳಿದ ಎಲ್ಲವನ್ನೂ ಹಾರಿಸುತ್ತಾರೆ. ಆಮೇಲೆ ಗುರುತಿನ ತೋಟಾವನ್ನು ತೆಗೆದು ಮತ್ತೆ ಅಳೆಯುತ್ತಾರೆ. ಉದ್ದ ಬೆಳೆದಿದ್ದರೆ ಆ ತೋಟಾ ಆ ರಿವಾಲ್ವರ್‌ಗೆ ಆಗಿಬರುವುದಿಲ್ಲ. ಅದೇ ತೋಟಾ ಒಂದು ಕೆಜಿಯ ಉಕ್ಕಿನ ರಿವಾಲ್ವರ್‌ನಲ್ಲಿ ಏನೂ ತಕರಾರಿಲ್ಲದೆ ನಡೆಯಬಹುದು.

ಹಾಗಾದರೆ ಹಗುರ ಗುಂಡು?

ಭಾರದ್ದರಲ್ಲಿ ಇಷ್ಟು ಕಾಟ ಇದ್ದರೆ ಹಗುರದ್ದನ್ನೇ ಹಾಕೋಣ ಅನ್ನಿಸುತ್ತೆ. ಆದರೆ ಮೊದಲು ಹೇಳಿದ ಟೈಟಾನಿಯಂ ಸಿಲಿಂಡರಿನ ಮ್ಯಾಗ್ನಂ ರಿವಾಲ್ವರ್‌ನ ನಳಿಗೆಯ ಮೇಲೇ ಕೆತ್ತಿದ್ದಾರೆ: 120 ಗ್ರೇನ್‌ಗಿಂತ ಕಡಿಮೆ ತೂಕದ ಗುಂಡು ಬೇಡ. ಮ್ಯಾಗ್ನಂ ತೋಟಾದಲ್ಲಿ ಹಗುರ ಗುಂಡು ಬೇಗ ಮುಂದಕ್ಕೆ ಓಡಿಬಿಡುತ್ತೆ. ಹಿಂದೆ ಇನ್ನೂ ಉರಿಯುತ್ತಿರುವ ಮದ್ದಿನ ಕಣಗಳು ಮರಳು ಎರಚಿದ ಹಾಗೆ ಸಿಲಿಂಡರ್‌ನ ಬಾಯಿಗೆ ಹೊಡೆದು ಲೋಹವನ್ನು ಸವೆಸುತ್ತವೆ. ಟೈಟಾನಿಯಂ ಹಗುರ, ಗಟ್ಟಿ, ತುಕ್ಕು ಹಿಡಿಯಲ್ಲ ಅಂತ ಮೆಟೀರಿಯಲ್ ಸೈನ್ಸ್‌ನಲ್ಲಿ ಬರೆದಿದ್ದೇವಲ್ಲ, ಹೀಗೆ ಸವೆಯುವುದರ ಎದುರು ಅದು ಅಷ್ಟೊಂದು ಗಟ್ಟಿಯಲ್ಲ. ಹೊಳಪು ಬರಲಿ ಅಂತ ಸಿಲಿಂಡರ್ ಅನ್ನು ಉಜ್ಜುಕಾಗದ ಹಾಕಿ ಉಜ್ಜಲೂಬಾರದು, ಮೇಲಿನ ರಕ್ಷಣಾ ಪದರ ಹೋಗುತ್ತೆ.

ಸಿಲಿಂಡರ್‌ಗೂ ನಳಿಗೆಗೂ ನಡುವೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಸಂದು ಇರಲೇಬೇಕು, ಇಲ್ಲದಿದ್ದರೆ ಸಿಲಿಂಡರ್ ತಿರುಗಲ್ಲ. ಆ ಸಂದಿನಿಂದ ಪ್ರತಿ ಹೊಡೆತಕ್ಕೂ ಬಿಸಿ ಅನಿಲ ಚಾಕುವಿನಂತೆ ಪಕ್ಕಕ್ಕೆ ನುಗ್ಗುತ್ತೆ. ಮೇಲಿನ ಚೌಕಟ್ಟಿಗೆ ಗೀರು ಬೀಳುತ್ತೆ, ಬೆರಳು ಅಡ್ಡ ಬಂದರೆ ಬೆರಳಿಗೂ. ಹಗುರ ಲೋಹದ ದೇಹವಿದ್ದರೆ ಆ ಜಾಗಕ್ಕೆ ಉಕ್ಕಿನ ತೆಳು ತಗಡು ಕೂರಿಸುವುದು ಇದಕ್ಕೇ.

ಅಂದರೆ ಹಗುರ ಗುಂಡಿಗೆ ಲೋಹ ಸವೆಯುತ್ತೆ, ಭಾರದ ಗುಂಡಿಗೆ ಕ್ರಿಂಪ್ ಜಾರುತ್ತೆ. ನಡುವೆ ಒಂದು ಕಿರಿದಾದ ಗಲ್ಲಿ ಇದೆ, ಅದರಲ್ಲೇ ಹೋಗಬೇಕು. ರಿವಾಲ್ವರ್ ಹಗುರವಾದಷ್ಟೂ ಗಲ್ಲಿ ಕಿರಿದಾಗುತ್ತೆ.

ಹಿಡಿಸುತ್ತೆ ಅಂದ್ರೆ ಹಾರಿಸಬಹುದು ಅಂತಲ್ಲ

ನಮ್ಮ ದೇಶದಲ್ಲಿ ಒಂದು ಗೊಂದಲ ಇದೆ. '.32' ಅಂತ ಎರಡು ತೋಟಾಗಳಿವೆ. ಒಂದು ರಿವಾಲ್ವರ್‌ನ .32, ಇನ್ನೊಂದು ಪಿಸ್ತೂಲಿನ .32. ಎರಡನೆಯದಕ್ಕೆ 7.65 ಎಂಎಂ ಅಂತಲೂ ಹೆಸರು. ಹೆಸರಿನ ಅಂಕಿ ಒಂದೇ, ಆಕಾರ ಬೇರೆ, ಒಳಗಿನ ಒತ್ತಡವೂ ಬೇರೆ. ಅಮೆರಿಕದ ಮಾನದಂಡದಲ್ಲಿ ರಿವಾಲ್ವರ್ ತೋಟಾದ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್, ಪಿಸ್ತೂಲಿನದ್ದು 20,500. ಒಂದು ಇನ್ನೊಂದರೊಳಗೆ ಕೂತ ಹಾಗೆ ಕಂಡರೂ ಹಾರಿಸುವುದು ತಪ್ಪು. ನಳಿಗೆಯ ಮೇಲೆ ಏನು ಕೆತ್ತಿದೆಯೋ, ತೋಟಾದ ತಳದಲ್ಲಿ ಏನು ಅಚ್ಚಾಗಿದೆಯೋ, ಎರಡೂ ತಾಳೆಯಾಗಬೇಕು.

ಇದಕ್ಕೆ ಒಂದು ಒಳ್ಳೆಯ ಇಂಜಿನಿಯರಿಂಗ್ ಪರಿಹಾರವೂ ಚರಿತ್ರೆಯಲ್ಲಿದೆ. 1930ರ ದಶಕದಲ್ಲಿ .357 ಮ್ಯಾಗ್ನಂ ಬಂದಾಗ ಅದರ ದಪ್ಪ ಹಳೇ .38 ಸ್ಪೆಷಲ್‌ನಷ್ಟೇ ಇತ್ತು, ಒತ್ತಡ ಮಾತ್ರ ಎರಡು ಪಟ್ಟು. ಯಾರಾದರೂ ಹಳೇ ರಿವಾಲ್ವರ್‌ಗೆ ಹೊಸ ತೋಟಾ ತುರುಕಿದರೆ ಅಪಾಯ. ಅದಕ್ಕೆ ಕೊಳವೆಯನ್ನು ಸುಮಾರು 3 ಮಿಲಿಮೀಟರ್ ಉದ್ದ ಮಾಡಿದರು. ಹಳೇ ಸಿಲಿಂಡರ್‌ನಲ್ಲಿ ಅದು ಪೂರ್ತಿ ಒಳಗೆ ಹೋಗೋದೇ ಇಲ್ಲ. ಹೊಸ ರಿವಾಲ್ವರ್‌ನಲ್ಲಿ ಮಾತ್ರ ಎರಡೂ ಹಿಡಿಸುತ್ತವೆ. ಪ್ರೊಡಕ್ಷನ್ ಕ್ಲಾಸಿನಲ್ಲಿ ಕೇಳಿದ 'ಪೋಕಾ-ಯೋಕೆ' ಅಂದರೆ ಇದೇ: ತಪ್ಪು ಮಾಡಬೇಡ ಅಂತ ಬೋರ್ಡ್ ಹಾಕುವ ಬದಲು ತಪ್ಪು ಮಾಡೋಕೇ ಆಗದ ಹಾಗೆ ಮಾಡುವುದು.

ಹೋಲಿಸಿ ನೋಡುವ ಕ್ರಮ

ಐದು ಬಗೆಯ ತೋಟಾ ತಂದು ತಲಾ ಐದು ಹಾರಿಸಿ, "ಇದು ಬೆಸ್ಟ್" ಅನ್ನುವುದು ನಮ್ಮ ಮಿನಿ ಪ್ರಾಜೆಕ್ಟಿನ ರಿಸಲ್ಟ್ ಇದ್ದ ಹಾಗೆ. ಐದು ತೂತಿನ ಗುಂಪು ಚಿಕ್ಕದಾಗಿ ಬಂದದ್ದು ಅದೃಷ್ಟವೂ ಇರಬಹುದು. ಗುಂಪುಗಳನ್ನು ಮತ್ತೆ ಮತ್ತೆ ಹಾರಿಸಿ ಸರಾಸರಿ ನೋಡಬೇಕು. ದೂರ, ಕೈ ಇಡುವ ಆಸರೆ, ಹಾರಿಸುವವರು ಬದಲಾಗಬಾರದು.

ಇನ್ನೊಂದು ಬಲೆ ಇದೆ. ಜೋರಾಗಿ ಒದೆಯುವ ತೋಟಾವನ್ನು ಮೊದಲು ಹಾರಿಸಿದರೆ ಕೈ ಹೆದರಿಬಿಡುತ್ತೆ. ಆಮೇಲೆ ಮೆತ್ತಗಿನದ್ದೂ ಕೆಟ್ಟದಾಗಿ ಕಾಣುತ್ತೆ. ತೋಟಾದ ತಪ್ಪಲ್ಲ, ಸರದಿಯ ತಪ್ಪು. ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್‌ನಲ್ಲಿ ಸರದಿಯನ್ನು ಕಲಸಿಬಿಡಿ ಅಂತ ಹೇಳುವುದು ಇದಕ್ಕೇ. ಕೈ ಹೆದರಿದೆಯೋ ಇಲ್ಲವೋ ತಿಳಿಯಲು ತರಬೇತುದಾರರು ನಿಜವಾದ ತೋಟಾಗಳ ನಡುವೆ ಹುಸಿ ತೋಟಾವನ್ನು ಗೊತ್ತಾಗದ ಹಾಗೆ ಸೇರಿಸುತ್ತಾರೆ. ಅದರ ಸರದಿ ಬಂದಾಗ ಬರೀ 'ಟಿಕ್' ಅನ್ನುತ್ತೆ, ಆದರೆ ಮೂತಿ ತಾನಾಗೇ ಕೆಳಕ್ಕೆ ಬಾಗುತ್ತೆ. ಒದೆತ ಬರುತ್ತೆ ಅಂತ ಮಣಿಕಟ್ಟು ಮೊದಲೇ ತಡೆಯೋಕೆ ಹೋಗಿರುತ್ತೆ.

ಟ್ರಿಗರ್‌ನದ್ದೂ ಒಂದು ಮಾತು. ಮೊದಲೇ ಹಿಂದಕ್ಕೆಳೆದು ಇಡದ ರಿವಾಲ್ವರ್‌ನ ಟ್ರಿಗರ್ ಒತ್ತೋಕೆ ಸಾಮಾನ್ಯವಾಗಿ 4–5 ಕೆಜಿ ಬಲ ಬೇಕು. ರಿವಾಲ್ವರ್‌ನ ತೂಕ ಅರ್ಧ ಕೆಜಿ. ತನ್ನ ತೂಕದ ಎಂಟು ಹತ್ತು ಪಟ್ಟು ಬಲದಿಂದ ಒಂದು ಬೆರಳು ಎಳೆಯುತ್ತಿದ್ದರೆ ಆ ವಸ್ತು ಅಲುಗದೆ ಇರುತ್ತಾ? ಸ್ಪರ್ಧೆಗಳ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲ್ ವಿಭಾಗದಲ್ಲಿ .32 ತೋಟಾದ ಮೆತ್ತಗಿನ ರೂಪವನ್ನು ತುಂಬಾ ಜನ ಬಳಸುತ್ತಾರೆ. ಅದರ ಗುಂಡಿನ ಮೂತಿ ಚಪ್ಪಟೆ, ಕಾಗದದಲ್ಲಿ ಪಂಚಿಂಗ್ ಮಷೀನ್ ಹೊಡೆದ ಹಾಗೆ ದುಂಡಗಿನ ತೂತು ಬೀಳುತ್ತೆ, ಅಂಕ ಎಣಿಸೋಕೆ ಸುಲಭ. ಅಲ್ಲಿ ಪಿಸ್ತೂಲು ಒಂದು ಕೆಜಿಗೂ ಜಾಸ್ತಿ. ಗುರಿಗಾಗಿ ಬದುಕುವವರು ತೂಕವನ್ನು ಬೇಡ ಅನ್ನುವುದಿಲ್ಲ.

ಮಡಿವಾಳದ ಮೈಕ್ರೋಸ್ಕೋಪು

ತೋಟಾ ಹಾಕಿ ಹಾರಿಸಿ ನೋಡುವುದನ್ನು ಎಲ್ಲರಿಗಿಂತ ಶಿಸ್ತಾಗಿ ಮಾಡುವವರು ನಮಗೆ ಹತ್ತಿರದಲ್ಲೇ ಇದ್ದಾರೆ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡಿನ ಮೇಲೆ ಮೂಡುತ್ತವೆ, ಫೈರಿಂಗ್ ಪಿನ್ನಿನ ಗುರುತು ತೋಟಾದ ತಳದಲ್ಲಿ ಮೂಡುತ್ತೆ. ವಶಪಡಿಸಿಕೊಂಡ ಆಯುಧದಿಂದ ಪರೀಕ್ಷೆಗೆ ಹಾರಿಸಿ, ಸ್ಥಳದಲ್ಲಿ ಸಿಕ್ಕಿದ್ದರ ಜೊತೆ ಮೈಕ್ರೋಸ್ಕೋಪಿನಲ್ಲಿ ಹೋಲಿಸುತ್ತಾರೆ. ಮೆತ್ತನೆ ಸೀಸದ ಮೇಲೆ ಬೀಳುವ ಗೀರು ಬೇರೆ, ತಾಮ್ರದ ಕವಚದ ಮೇಲಿನದ್ದು ಬೇರೆ. ಅದಕ್ಕೇ ಸಾಧ್ಯವಾದಷ್ಟೂ ಅದೇ ಬಗೆಯ ತೋಟಾವನ್ನೇ ಬಳಸಬೇಕು.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ನಮಗೆ ಅಷ್ಟೇನೂ ದೂರವಿಲ್ಲದ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಹತ್ಯೆಯಾದರು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂಎಂ ನಾಡಪಿಸ್ತೂಲು ಎಂದು ಪ್ರಯೋಗಾಲಯದ ವರದಿ ಹೇಳಿದ್ದು ಇಂಥ ಗುರುತುಗಳ ಮೇಲೆಯೇ. ಕೂದಲೆಳೆಗಿಂತ ಸಣ್ಣ ಗೀರು ಎರಡು ಊರುಗಳನ್ನು, ಎರಡು ವರ್ಷಗಳನ್ನು ಜೋಡಿಸಿತು. ಲೆಕ್ಕ ಮಾಡುತ್ತಾ ಕೂತಿದ್ದ ನಾವು ಇಲ್ಲಿಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಾದೆವು. ಜೌಲ್, ನ್ಯೂಟನ್ ಅಂತ ಬರೆಯುವಾಗ ಮರೆಯಬಾರದ್ದು ಅದು.

ಅವಳಿಗೆ ಹೇಳಿದ ಉತ್ತರ

ಹಗುರ ಅಂದರೆ ಸುಲಭವಲ್ಲ. ಹೊತ್ತು ತಿರುಗೋಕೆ ಸುಲಭ, ಹಾರಿಸೋಕೆ ಕಷ್ಟ. ದಿನವಿಡೀ ಬ್ಯಾಗಿನಲ್ಲಿ ಉಳಿಸಿದ 200 ಗ್ರಾಂ ಒಂದು ಮಿಲಿಸೆಕೆಂಡಿನಲ್ಲಿ ಬಡ್ಡಿ ಸಮೇತ ವಾಪಸ್ ಕೇಳುತ್ತೆ. ಮೆತ್ತಗಿನ ತೋಟಾ ಹಾಕಿ ಆ ಬಡ್ಡಿಯನ್ನು ಕಡಿಮೆ ಮಾಡಬಹುದು, ತಪ್ಪಿಸೋಕಾಗಲ್ಲ. ಹೊಸಬರ ಕೈಗೆ ಹಗುರ ರಿವಾಲ್ವರ್ ಕೊಡುವುದು ಅಂದರೆ ಈಜು ಕಲಿಯುವವರನ್ನು ಮೊದಲ ದಿನವೇ ಸುಳಿಗೆ ಇಳಿಸಿದ ಹಾಗೆ.

ಕಾನೂನಿನ ಮಾತೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 21 ತುಂಬಬೇಕು. ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್. 2016ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ಕೇಳುತ್ತವೆ. ತೋಟಾ ಕೊಳ್ಳೋಕೂ ಲೈಸೆನ್ಸ್ ಬೇಕು, ಕೊಂಡದ್ದರ ಲೆಕ್ಕವೂ ಇರುತ್ತೆ. ಇದೂ ಕಾಣಿಸುವುದು ಒಂದೇ: ವರ್ಷಕ್ಕೆ ಬೆರಳೆಣಿಕೆಯ ತೋಟಾ ಹಾರಿಸಿ ಕೈ ಪಳಗಲ್ಲ. ಕೊಡವರಿಗೆ ಮತ್ತು ಜಮ್ಮಾ ಜಮೀನಿನವರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಾಗ ಅದರ ಹಿಂದೆ ತಲೆಮಾರುಗಳ ಬಳಕೆ ಇತ್ತು. ಆ ಬಳಕೆಯನ್ನು ಒಡವೆ ಪೆಟ್ಟಿಗೆಯೊಳಗೆ ಇಟ್ಟು ಮಾರೋಕೆ ಆಗಲ್ಲ.

ಅವಳು ಎಲ್ಲ ಕೇಳಿಸಿಕೊಂಡು, "ಅಂದ್ರೆ ನನ್ನ ಸಮಸ್ಯೆ ರಿವಾಲ್ವರ್ ಅಲ್ಲ, ಸ್ಟೇಷನ್ನಿಂದ ಪಿಜಿ ತನಕ ಇರೋ ಕತ್ತಲು" ಅಂದಳು. ನಮ್ಮ ಒಂದೂವರೆ ದಿನದ ಲೆಕ್ಕಕ್ಕಿಂತ ಆ ಒಂದು ವಾಕ್ಯ ಸರಿಯಾಗಿತ್ತು. ಆ ದಾರಿಯಲ್ಲಿ ಮೂರು ಬೀದಿದೀಪ ಉರಿಯುತ್ತಿಲ್ಲ. ಕಂಬದ ನಂಬರ್ ಬರೆದುಕೊಂಡು ದೂರು ಕೊಟ್ಟಿದ್ದೇವೆ. ದೀಪ ಹತ್ತುವ ತನಕ ಲ್ಯಾಬ್ ಇರುವ ದಿನ ನಾವು ಐದೂ ಜನ ಆ ದಾರಿಯಲ್ಲೇ ನಡೆದು ಹೋಗುತ್ತೇವೆ. ಹೇಗೂ ಟೀ ಅಂಗಡಿ ಅಲ್ಲೇ ಇದೆ.